ಅಪ್ಪನ ಅಂಗೈ ಆರಿಸಿದ ಬೇಸ್ ಗಿಟಾರ್

ಗೆಳೆಯರೇ, ನನ್ನ ಮೊದಲ ಬೇಸ್ ಗಿಟಾರ್, ಅಂದರೆ ದಪ್ಪ ದನಿಯ ನಾಲ್ಕು ತಂತಿಯದು, ಕೊಳ್ಳಲು ಇವತ್ತು ಅಪ್ಪನೂ ಅಂಗಡಿಗೆ ಬಂದಿದ್ದ. ಶಹಾಪುರದಲ್ಲಿ ಮೂವತ್ತು ವರ್ಷ ಪವರ್‌ಲೂಮ್ ಓಡಿಸಿದ ಅವನಿಗೆ ಕಿವಿ ಮಂದ. "ಆರು ತಂತೀದಕಿಂತ ನಾಕು ತಂತೀದು ತುಟ್ಟಿ ಹ್ಯಾಂಗರೀ? ಎಳಿ ಕಮ್ಮಿ ಆದ್ರ ರೇಟೂ ಕಮ್ಮಿ ಆಗಬೇಕಲ್ರೀ?" ಎಂದು ಅಂಗಡಿಯವರೊಡನೆ ಜಗಳಕ್ಕೇ ನಿಂತ.

ನಮ್ಮ ದುಡ್ಡಿಗೆ ಸಿಗುವಂಥವು ಎರಡೇ: ಹೊಳೆಯುವ ಹೊಸದೊಂದು, ಬಣ್ಣ ಹೋದ ಹಳೆಯದೊಂದು. ನನ್ನ ಕಣ್ಣು ಹೊಸದರ ಮೇಲಿತ್ತು. ನಾನು ನುಡಿಸುವಾಗ ಅಪ್ಪ, ಮಗ್ಗ ಸರಿಯಾಗಿ ಓಡುತ್ತಿದೆಯೇ ಎಂದು ನೋಡುವಂತೆ, ಎರಡಕ್ಕೂ ಅಂಗೈ ಒತ್ತಿ ನೋಡಿದ. ಹಳೆಯದರಿಂದ ಕೈ ತೆಗೆಯಲೇ ಇಲ್ಲ.

"ಇದು ನನಗ ಕೇಳಸ್ತೈತಿ ನೋಡವ್ವಾ" ಎಂದ.

ಅದನ್ನೇ ಕೊಂಡೆ.

ಮನೆಗೆ ಬಂದಾಗಿನಿಂದ ತಾನೇ ತಂತಿ ಮೀಟುತ್ತ ಕೂತಿದ್ದಾನೆ. ನನ್ನ ಸರದಿ ಯಾವಾಗ ಎಂದು ಮೂರು ಸಲ ಕೂಗಿ ಕೇಳಿದೆ. ಅದು ಮಾತ್ರ ಅವನಿಗೆ ಕೇಳಿಸಲಿಲ್ಲವಂತೆ.