ಹನ್ನೊಂದು ಗಂಟೆಯ ನಿಧಾನ

ಬಿಸಿಎ ಓದುವಾಗ ಹುಮಾ ದುರ್ಗದಬೈಲಿನ ಡಿಟಿಪಿ ಅಂಗಡಿಯೊಂದರಲ್ಲಿ ಮದುವೆ ಕಾರ್ಡು ಟೈಪ್ ಮಾಡುತ್ತಿದ್ದಳು. ಕಂಪ್ಯೂಟರ್ ಕೆಟ್ಟರೆ ರಿಪೇರಿಯವನು ಬರುವ ಮೊದಲೇ ಡಬ್ಬಿ ಬಿಚ್ಚಿ ಕೂರುತ್ತಿದ್ದಳು. ಕಾರಣ ತಿಳಿಯದೆ ಬಿಡುವುದು ಅವಳಿಂದ ಆಗುತ್ತಿರಲಿಲ್ಲ.

ಈಗ ಅವಳಿಗೆ ಮೂವತ್ನಾಲ್ಕು. ಗೋಪನಕೊಪ್ಪದ ಮನೆಯಿಂದ ದಿನಾ ಸ್ಕೂಟಿಯಲ್ಲಿ ಮಾಲತೇಶ ಎಂಬುವರ ಸಣ್ಣ ಕಂಪನಿಗೆ ಹೋಗುತ್ತಾಳೆ. ಅಮರಗೋಳ ಮಾರುಕಟ್ಟೆಯ ವ್ಯಾಪಾರಿಗಳು ಒಣಮೆಣಸಿನಕಾಯಿ ರಾಶಿಯ ಫೋಟೊ ಕಳಿಸಿದರೆ ಬಣ್ಣ, ಸುಕ್ಕು ನೋಡಿ ದರ್ಜೆ ಹೇಳುವ ಪ್ರೋಗ್ರಾಂ ಅವಳು ಬರೆದದ್ದು. ಅದು ಓಡುವುದು ಧಾರವಾಡದ ಒಂದು ಸಂಸ್ಥೆಯಿಂದ ಬಾಡಿಗೆಗೆ ಪಡೆದ ವರ್ಚುವಲ್ ಮಷೀನಿನಲ್ಲಿ. ಒಂದೇ ದೊಡ್ಡ ಯಂತ್ರವನ್ನು ಹಲವು ಯಂತ್ರಗಳಂತೆ ಪಾಲು ಮಾಡಿ ಹತ್ತಾರು ಜನರಿಗೆ ಕೊಟ್ಟಿರುತ್ತಾರೆ. ಪಕ್ಕದ ಪಾಲಿನಲ್ಲಿ ಯಾರಿದ್ದಾರೆಂದು ಯಾರಿಗೂ ಕಾಣದು.

ಫೆಬ್ರುವರಿಯಲ್ಲಿ ತೊಂದರೆ ಶುರುವಾಯಿತು. ದಿನಾ ಬೆಳಗಿನ ಹನ್ನೊಂದಕ್ಕೆ, ಎರಡು ಸೆಕೆಂಡಿನ ಕೆಲಸ ಏಳು ಸೆಕೆಂಡು ಹಿಡಿಯುತ್ತಿತ್ತು. ಫೋಟೊಗಳ ಸರದಿ ಬೆಳೆದು ವ್ಯಾಪಾರಿಗಳ ಫೋನು ನಿಲ್ಲುತ್ತಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲವೂ ತಾನಾಗಿಯೇ ಸರಿಹೋಗುತ್ತಿತ್ತು.

“ನಿಮ್ಮ ಕೋಡಿನ್ಯಾಗ ಏನೋ ಐತ್ರಿ. ಮತ್ತೊಮ್ಮಿ ನೋಡ್ರಿ,” ಅಂದರು ಮಾಲತೇಶ.

ಅವಳು ಎರಡು ಸಲ ತಿದ್ದಿ ಬರೆದಳು. ಎರಡನೇ ಸಲ, ಬೇಗ ಮುಗಿಯಲೆಂದು ಸುಕ್ಕು ಅಳೆಯುವ ಭಾಗವನ್ನೇ ತೆಗೆದಳು. ಫಲವಿಲ್ಲ. ಪ್ರೊಸೆಸರಿನೊಳಗೆ ಕೌಂಟರುಗಳಿರುತ್ತವೆ, ಎಷ್ಟು ಕೆಲಸ ಮಾಡಿತು, ಮೆಮರಿಯ ಉತ್ತರಕ್ಕಾಗಿ ಎಷ್ಟು ಸಲ ಕಾಯಬೇಕಾಯಿತು ಎಂದು ಎಣಿಸುತ್ತವೆ. ಅವನ್ನು ಓದಲು ಹೋದಳು. ‘ಈ ಸೌಲಭ್ಯ ಇಲ್ಲ’ ಎಂದಿತು ಪರದೆ. ವರ್ಚುವಲ್ ಮಷೀನಿನ ಒಳಗಿದ್ದವರಿಗೆ ಅವು ಕಾಣಬೇಕಾದರೆ ಯಂತ್ರದ ಮಾಲೀಕರು ಬಿಟ್ಟುಕೊಡಬೇಕು.

ಅವಳು ಧಾರವಾಡಕ್ಕೆ ಫೋನ್ ಮಾಡಿದಳು. ಸರ್ವರ್ ನೋಡಿಕೊಳ್ಳುವ ಸತ್ಯವಂತ ಎತ್ತಿಕೊಂಡ.

“ನಿಮ್ಮ ಸಿಪಿಯು ನೂರಕ್ಕ ನೂರು ಓಡಾಕತ್ತೈತ್ರಿ ಮೇಡಂ. ದೊಡ್ಡ ಪ್ಲಾನ್ ತಗೋರಿ.”

“ಓಡಾಕತ್ತೈತೋ, ಕಾಯ್ಕೋತ ಕುಂತೈತೋ? ಎರಡೂ ನಿಮಗ ನೂರು ಅಂತನ ಕಾಣತಾವು. ಅದಕ್ಕ ಕೌಂಟರ್ ಬಿಡ್ರಿ ಅನ್ನಾಕತ್ತೇನಿ.”

“ಹಂಗ ಬಿಡಾಕ ನಮ್ಮಲ್ಲಿ ಪರ್ಮಿಷನ್ ಇಲ್ರಿ.”

ಆರು ದೂರು ಬರೆದಳು. ಆರಕ್ಕೂ ‘ಪರಿಹರಿಸಲಾಗಿದೆ’ ಎಂಬ ಉತ್ತರ ಬಂತು. ಆಫೀಸಿನ ಹಳೇ ಕಂಪ್ಯೂಟರಿನಲ್ಲಿ ಅದೇ ಫೋಟೊಗಳನ್ನು ಹಾಕಿ, ಹನ್ನೊಂದು ಗಂಟೆಗೂ ಕೆಲಸಕ್ಕೆ ಹಿಡಿಯುವ ಸಮಯ ಬದಲಾಗದ್ದನ್ನು ಮಾಲತೇಶರಿಗೆ ತೋರಿಸಿದಳು. ಅವರು, “ಇದು ಬ್ಯಾರೆ, ಅದು ಬ್ಯಾರೆ” ಎಂದು ಎದ್ದುಹೋದರು. ಅವತ್ತು ಅವಳು ಊಟದ ಡಬ್ಬಿ ಬಿಚ್ಚಲೇ ಇಲ್ಲ.

ಮರುದಿನ ಬಸ್ಸು ಹಿಡಿದು ಧಾರವಾಡಕ್ಕೆ ಹೋಗಿ ಸತ್ಯವಂತನ ಮೇಜಿನ ಎದುರು ಕೂತಳು. ಮೂವರ ಕೆಲಸವನ್ನು ಒಬ್ಬನೇ ಮಾಡುತ್ತಿದ್ದ, ಕಣ್ಣು ಕೆಂಪಾದ ಮನುಷ್ಯ. ಅವಳು ಸಮಯದ ಲೆಕ್ಕ ಬರೆದು ತಂದಿದ್ದ ಹಾಳೆಗಳನ್ನು ಒಂದೊಂದಾಗಿ ತಿರುವಿದ.

“ಒಂದ ದಿನಕ್ಕ ಬಿಡತೇನ್ರಿ. ನಾ ಬಿಟ್ಟೆ ಅಂತ ಎಲ್ಲೂ ಬರೀಬ್ಯಾಡ್ರಿ,” ಅಂದ.

ಅವನು ಅವಳ ಮಷೀನನ್ನು ಒಮ್ಮೆ ನಿಲ್ಲಿಸಿ ಕೌಂಟರುಗಳನ್ನು ತೆರೆದು ಮತ್ತೆ ಚಾಲು ಮಾಡಿದ. ಮರುದಿನ ಹನ್ನೊಂದಕ್ಕೆ ಹುಮಾ ಅಂಕಿಗಳನ್ನು ಓದಿದಳು. ಪ್ರತಿ ಫೋಟೊಗೆ ಪ್ರೋಗ್ರಾಂ ಮಾಡಿದ ಕೆಲಸ ಹನ್ನೊಂದರ ಮೊದಲು ಇದ್ದಷ್ಟೇ ಇತ್ತು. ಮೆಮರಿಗಾಗಿ ಕಾದದ್ದು ಮಾತ್ರ ಆರು ಪಟ್ಟು. ಅದೇ ಪ್ರೊಸೆಸರಿನ ಇನ್ನೊಂದು ಪಾಲಿನಲ್ಲಿ ಯಾರದೋ ಭಾರೀ ಕೆಲಸ ಆ ಹೊತ್ತಿಗೆ ಶುರುವಾಗಿ, ಎಲ್ಲರೂ ಹಂಚಿಕೊಳ್ಳುವ, ಕ್ಯಾಶ್ ಎಂಬ ಪುಟ್ಟ ವೇಗದ ಮೆಮರಿಯನ್ನು ತುಂಬುತ್ತಿದ್ದಂತಿತ್ತು.

ಅಂಕಿಗಳನ್ನು ಕಳಿಸಿದಳು. ಉತ್ತರ ಬರಲಿಲ್ಲ. ಆದರೆ ಎರಡು ದಿನದಲ್ಲಿ ಅವಳ ಮಷೀನು ಬೇರೆ ಯಂತ್ರಕ್ಕೆ ಹೋಗಿತ್ತು, ನಿಧಾನವೂ ಹೋಗಿತ್ತು. ಕೌಂಟರುಗಳು ಮತ್ತೆ ಮುಚ್ಚಿದ್ದವು.

ಸೋಮವಾರದ ಮೀಟಿಂಗಿನಲ್ಲಿ ಮಾಲತೇಶ ಖುಷಿಯಾಗಿದ್ದರು. “ಮೂರನೇ ಸಲ ಬರದದ್ದು ಛಲೋ ಆತು ನೋಡ್ರಿ.”

“ಮೂರನೇ ಸಲ ನಾ ಬರದ ಇಲ್ರಿ ಸರ್. ತಪ್ಪು ನಮ್ಮದಾಗಿರ್ಲಿಲ್ಲ,” ಅಂದಳು ಹುಮಾ.

“ಇರ್ಲಿ ಬಿಡ್ರಿ, ಈಗ ಓಡಾಕತ್ತೈತಲ್ಲ,” ಎಂದು ಅವರು ಮುಂದಿನ ವಿಷಯ ತೆಗೆದರು.

ಅವಳು ತನ್ನ ಜಾಗಕ್ಕೆ ಬಂದು, ತೆಗೆದುಹಾಕಿದ್ದ ಸುಕ್ಕಿನ ಭಾಗವನ್ನು ಸಾಲು ಸಾಲಾಗಿ ಮರಳಿ ಸೇರಿಸತೊಡಗಿದಳು.