ಕೆಳದನಿಯ ಬೆಂಚು

ಅಲಬಾಮಾದ ಗುಡ್ಡಗಳ ನಡುವಿನ ಪೈನ್‌ನಾಟ್ ಊರಿನಲ್ಲಿ ಶಾಲೆಯ ಹಳದಿ ಬಸ್ಸು ಓಡಿಸುವ ಹಾಲಿಸ್ ಟೀಗ್‌ಗೆ ಈಗ ಐವತ್ತು ದಾಟಿದೆ. ತಿರುವು ಬಂದರೆ ಹಾರ್ನ್ ಒತ್ತುವ ಬದಲು ತಾರಕದಲ್ಲಿ ಹಾಡುತ್ತಾನೆಂದು ಮಕ್ಕಳು ಆಡಿಕೊಳ್ಳುತ್ತಾರೆ. ಇದನ್ನು ಬಿಟ್ಟರೆ ಅವನ ಬಾಳಿನಲ್ಲಿ ಪುರಾಣ ಕಟ್ಟುವಂಥದ್ದು ನಡೆದದ್ದು ಒಂದೇ ಒಂದು ಬೇಸಿಗೆ. ಅದರಲ್ಲಿ ಯುದ್ಧವಿತ್ತು, ವನವಾಸದ ಬೆದರಿಕೆಯಿತ್ತು, ಎಣ್ಣೆ ಹಚ್ಚಿ ತಲೆ ಬಾಚಿದ ಮಾಂತ್ರಿಕನೊಬ್ಬನಿದ್ದ, ಶಸ್ತ್ರಧಾರಿಯಾದ ಅತ್ತೆಯೊಬ್ಬಳಿದ್ದಳು. ಶಸ್ತ್ರವೆಂದರೆ ಶವಸಂಸ್ಕಾರ ನಡೆಸಿಕೊಡುವ ಅಂಗಡಿಯವರು ಪುಕ್ಕಟೆ ಹಂಚಿದ ರಟ್ಟಿನ ಬೀಸಣಿಗೆ.

ಹಾಲಿಸ್‌ಗೆ ಆಗ ಹದಿನಾರು. ಭಕ್ತಿ ಹೊಸದಾಗಲೆಂದು ಚರ್ಚಿನಲ್ಲಿ ವಾರವಿಡೀ ನಡೆಯುವ ಜೂನ್ ತಿಂಗಳ ಉಜ್ಜೀವನ ಕೂಟದ ಕೊನೆಯ ದಿನ, ಭಾರ ಇಳಿಸಿಕೊಳ್ಳಬೇಕೆನ್ನುವವರು ಮುಂದೆ ಬನ್ನಿ ಎಂದು ಪಾಸ್ಟರ್ ಕರೆದರು. ಸೆಖೆಗೆ ಚರ್ಚಿನ ಗೋಡೆಗಳೇ ಅಲುಗಾಡಿದಂತೆ ಕಾಣುತ್ತಿತ್ತು. ಹಾಲಿಸ್ ನಡೆದನೋ ತೇಲಿದನೋ ಅವನಿಗೇ ತಿಳಿಯದು. ಹೋಗಿ ಪಾಸ್ಟರ ಕಿವಿಯಲ್ಲಿ, ನನ್ನ ಮನಸ್ಸು ಹುಡುಗಿಯರ ಕಡೆ ಹೋಗುವುದಿಲ್ಲ, ಹುಡುಗರ ಕಡೆ ಹೋಗುತ್ತದೆ, ಏನು ಮಾಡಲಿ ಎಂದು ಪಿಸುಗುಟ್ಟಿದ. ಪಾಸ್ಟರ ಟೈಗೆ ಆ ವಾರವಷ್ಟೇ ತರಿಸಿದ ಪುಟ್ಟ ಮೈಕು ಸಿಕ್ಕಿಸಿತ್ತು. ಪಿಸುಮಾತು ಹಿಂದಿನ ಸಾಲಿನ ಕಿವುಡ ಮುದುಕರಿಗೂ ಸ್ಪಷ್ಟವಾಗಿ ಕೇಳಿಸಿತು. ಮೈಕಿನವನು ಆಮೇಲೆ, ಇಷ್ಟು ಚೆನ್ನಾಗಿ ಅದು ಆ ವಾರವೆಲ್ಲ ಕೆಲಸ ಮಾಡಿರಲಿಲ್ಲ ಅಂದನಂತೆ.

ಪೈನ್‌ನಾಟಿನವರಿಗೆ ಸಾವು ಗೊತ್ತು, ಬಾಣಂತನ ಗೊತ್ತು, ಬಿರುಗಾಳಿಗೆ ಮನೆಯ ಮಾಡು ಹಾರಿದರೆ ಏನು ಮಾಡಬೇಕೆಂದೂ ಗೊತ್ತು. ಇದಕ್ಕೇನು ಮಾಡಬೇಕೆಂದು ಗೊತ್ತಿರಲಿಲ್ಲ. ಏನು ಮಾಡಬೇಕೆಂದು ತೋಚದಿದ್ದಾಗ ಅವರು ಸಾವಿನ ಮನೆಗೆ ಮಾಡುವುದನ್ನೇ ಮಾಡುತ್ತಾರೆ. ಮರುದಿನ ಬೆಳಗಿನಿಂದಲೇ ಟೀಗ್ ಮನೆಯ ಜಗಲಿಗೆ ಊಟ ಬರತೊಡಗಿತು. ಕೋಳಿ ಮತ್ತು ಅನ್ನ ಬೇಯಿಸಿದ ಅಗಲವಾದ ಪಾತ್ರೆಗಳು, ಹಂದಿಮಾಂಸ ಹಾಕಿದ ಬೀನ್ಸು, ತೆಂಗಿನತುರಿಯ ಕೇಕು. ಬಂದವರೆಲ್ಲ ಹ್ಯಾಟು ತೆಗೆದು, ದನಿ ತಗ್ಗಿಸಿ, ಧೈರ್ಯ ತಂದುಕೊಳ್ಳಿ ಎಂದರು. ಬಾಗಿಲು ತೆಗೆದು ಪಾತ್ರೆ ಇಸಿದುಕೊಂಡವನು ಸತ್ತವನೇ, ಅಂದರೆ ಹಾಲಿಸ್. ಪೀಚ್ ಹಣ್ಣಿನ ಕಡುಬು ತಂದ ಮುದುಕಿಯೊಬ್ಬಳು ಅವನಿಗೇ, "ಪಾಪ, ಒಳ್ಳೆ ಹುಡುಗ ಆಗಿದ್ದ" ಎಂದು ಹೇಳಿ ಹೋದಳು.

ಅಪ್ಪ ಆರ್ವೆಲ್ ಕೋಳಿ ಸಾಕುವವನು. ಮಾತು ಕಡಿಮೆ. ಅಮ್ಮ ಲೊರೀನ್ ಊರವರೆಲ್ಲ ನಾಲ್ಕು ದನಿಯಲ್ಲಿ ಸೇರಿ ಹಾಡುವ ಹಾಡುಕೂಟದಲ್ಲಿ ನಡುದನಿಯವಳು, ಮನೆಯ ಜಗಳಗಳಲ್ಲೂ ನಡುದನಿಯವಳೇ. ಸಾವಿನೂಟ ಖಾಲಿಯಾಗುವ ಹೊತ್ತಿಗೆ ಪಾಸ್ಟರು ದಾರಿ ತೋರಿಸಿದ್ದರು: ಜಿಲ್ಲಾಕೇಂದ್ರದಲ್ಲಿ ಬ್ರದರ್ ಕ್ಲೀಟಸ್ ಹ್ಯಾಂಬಿ ಎಂಬವರಿದ್ದಾರೆ, ಇಂಥ ಹುಡುಗರನ್ನು ತಿದ್ದಿ ಗಂಡಸರನ್ನಾಗಿ ಮಾಡುತ್ತಾರೆ. ಆಗಸ್ಟಿನ ದೊಡ್ಡ ಹಾಡುಕೂಟದ ಹೊತ್ತಿಗೆ ಫಲ ಕಂಡರೆ ಸರಿ. ಕಾಣದಿದ್ದರೆ ಟೆಕ್ಸಸ್‌ನಲ್ಲಿ ಬೇಲಿ ಹಾಕಿ ಬೀಗ ಜಡಿದ ಶಿಬಿರವಿದೆ, ಅಲ್ಲಿ ಒಂದು ವರ್ಷ. ಶಿಬಿರದಿಂದ ಮರಳಿದ ಒಬ್ಬನನ್ನು ಹಾಲಿಸ್ ಪಕ್ಕದೂರಿನಲ್ಲಿ ನೋಡಿದ್ದ. ಆ ಹುಡುಗ ಯಾರು ಏನು ಕೇಳಿದರೂ "ಹೌದು ಸರ್" ಅನ್ನುತ್ತಿದ್ದ, ನಾಯಿ ಬೊಗಳಿದರೂ ಸಹ.

ಬ್ರದರ್ ಕ್ಲೀಟಸ್ ಅವರ ಚಿಕಿತ್ಸಾಲಯವಿದ್ದದ್ದು ಒಂದು ಕಾರ್ಪೆಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಹಾಲಿಸ್ ಕುರ್ಚಿಯಲ್ಲಿ ಕೂತು ಬಾಗಿಲ ಸಂದಿಯಿಂದ ಸುರುಳಿ ಸುತ್ತಿದ ಕಾರ್ಪೆಟ್ಟುಗಳನ್ನು ನೋಡುತ್ತಿದ್ದ. ಅವನ ಕಣ್ಣಿಗೆ ಹಸಿರು ಸುರುಳಿಗಳು ಗುಡ್ಡ, ನೀಲಿಯವು ಹೊಳೆ. ಗುಡ್ಡದ ಮೇಲೆ ಯಾರೋ ಹಾಡುತ್ತಿರುತ್ತಿದ್ದರು. ಕ್ಲೀಟಸ್ ಕೆಟ್ಟವರೇನಲ್ಲ. ಶನಿವಾರ ಭಾನುವಾರದ ಒಂದು ತರಬೇತಿಗೆ ಹೋಗಿ ಸರ್ಟಿಫಿಕೇಟು ತಂದಿದ್ದರು, ಅದನ್ನು ಚೌಕಟ್ಟು ಹಾಕಿಸಿದ್ದರು, ಚೌಕಟ್ಟಿನ ಮೇಲೆ ಪೂರ್ತಿ ನಂಬಿಕೆ ಇಟ್ಟಿದ್ದರು. ಅವರ ಚಿಕಿತ್ಸೆಯೆಂದರೆ ಇಷ್ಟು: ಕಾಲ ಮೇಲೆ ಕಾಲು ಹಾಕಬಾರದು. ಕೈಕುಲುಕಿದರೆ ಎದುರಿನವನ ಮೂಳೆ ಲಟಕ್ಕೆನ್ನಬೇಕು. ಅತ್ತೆಯ ಜೊತೆ ಕೂತು ಪೀಚ್ ಸಿಪ್ಪೆ ಸುಲಿಯಬಾರದು. ಮಣಿಕಟ್ಟಿಗೊಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳಬೇಕು, ಕೆಟ್ಟ ಯೋಚನೆ ಬಂದೊಡನೆ ಎಳೆದು ಬಿಡಬೇಕು. ಚುರುಕ್ಕೆನ್ನುತ್ತದೆ, ಯೋಚನೆ ಓಡಿಹೋಗುತ್ತದೆ.

ಚುರುಕ್ಕೆಂದದ್ದು ನಿಜ. ಯೋಚನೆ ಮಾತ್ರ ಓಡಿಹೋಗದೆ ಅಲ್ಲೇ ಕೂತು ಕೈ ನೀವಿಕೊಳ್ಳುತ್ತಿತ್ತು. ಯೋಚನೆಗೆ ಒಂದು ಹೆಸರಿತ್ತು. ಪುಣ್ಯಕ್ಕೆ ಮೈಕಿನಲ್ಲಿ ಅದು ಬಂದಿರಲಿಲ್ಲ.

ಪೈನ್‌ನಾಟಿನ ಹಾಡುಮನೆ ಊರಾಚೆ ಓಕ್ ಮರಗಳ ಕೆಳಗಿದೆ. ಮರದ ಕಟ್ಟಡ, ವಾದ್ಯಗಳಿಲ್ಲ, ಕೇಳುಗರಿಗಾಗಿ ಕುರ್ಚಿಗಳೂ ಇಲ್ಲವೆನ್ನುವಷ್ಟು ಕಡಿಮೆ. ಬೆಂಚುಗಳು ಚೌಕವಾಗಿ ನಾಲ್ಕು ದಿಕ್ಕಿಗೆ. ಒಂದು ಕಡೆ ಏರುದನಿಯವರು, ಒಂದು ಕಡೆ ನಡುದನಿ, ಒಂದು ಕಡೆ ಮುಖ್ಯರಾಗ, ಇನ್ನೊಂದು ಕಡೆ ಕೆಳದನಿಯ ಗಂಡಸರು. ಎಲ್ಲರ ಮುಖವೂ ಒಳಕ್ಕೆ. ಸರದಿ ಬಂದವರು ನಡುವೆ ಬಂದು ನಿಂತು ತಮಗೆ ಬೇಕಾದ ಹಾಡಿನ ಹೆಸರು ಕೂಗಿ, ಕೈ ಎತ್ತಿ ಇಳಿಸಿ ತಾಳ ಹಾಕುತ್ತಾರೆ. ಮೊದಲು ಸ್ವರ, ಆಮೇಲೆ ಸಾಹಿತ್ಯ. ನಡುವೆ ನಿಂತವನು ಮಗುವಾಗಲಿ, ಕುಡುಕನಾಗಲಿ, ಅವನು ತನ್ನ ಬೆಂಚಿಗೆ ಮರಳುವ ತನಕ ಯಾರೂ ಹಾಡು ನಿಲ್ಲಿಸುವಂತಿಲ್ಲ. ಈ ಒಂದು ಕಟ್ಟಳೆಯನ್ನು ಪೈನ್‌ನಾಟಿನವರು ಬೈಬಲಿನ ಹತ್ತು ಆಜ್ಞೆಗಳಿಗಿಂತ ಹೆಚ್ಚಾಗಿ ಪಾಲಿಸುತ್ತಾರೆ.

ಹಾಲಿಸ್ ಕೂರುತ್ತಿದ್ದದ್ದು ಏರುದನಿಯ ಬೆಂಚಿನಲ್ಲಿ, ಅಪ್ಪನ ಅಕ್ಕ ಓಝೆಲ್ಲಾ ಅತ್ತೆಯ ಬಲಗಡೆ. ಆ ಬೆಂಚಿನ ಚಕ್ರವರ್ತಿನಿ ಅವಳು. ಹಾಲಿಸ್‌ನ ದನಿ ಒಡೆದರೂ ಮೇಲಿನ ಅಂತಸ್ತನ್ನು ಬಿಟ್ಟುಕೊಟ್ಟಿರಲಿಲ್ಲ. ಮುದುಕಿಯರ ನಡುವೆ ಅವನ ದನಿ ಗಾಳಿಪಟದ ಹಾಗೆ ಏರುತ್ತಿತ್ತು.

ಇದನ್ನು ಕೇಳಿದ್ದೇ ತಡ, ಬ್ರದರ್ ಕ್ಲೀಟಸ್‌ಗೆ ಜ್ಞಾನೋದಯವಾಯಿತು. ಹುಡುಗ ಹೆಂಗಸರ ಬೆಂಚಿನಲ್ಲಿ, ಹೆಂಗಸರ ಎತ್ತರದಲ್ಲಿ ಹಾಡುತ್ತಿದ್ದಾನೆ, ರೋಗದ ಬೇರು ಅಲ್ಲಿದೆ. ಆ ಬೆಂಚಿನಲ್ಲಿ ಗಂಡಸರೂ ಹಾಡುತ್ತಾರೆ, ನಾನೇ ನಾಲ್ಕು ಮಂದಿ ತಾತಂದಿರನ್ನು ಕಂಡಿದ್ದೇನೆ ಎಂದು ಆರ್ವೆಲ್ ಗೊಣಗಿದ. ಚೌಕಟ್ಟಿನೊಳಗಿನ ಸರ್ಟಿಫಿಕೇಟು ಅದನ್ನು ಕೇಳಿಸಿಕೊಳ್ಳಲಿಲ್ಲ. ಇನ್ನು ಮುಂದೆ ಹಾಲಿಸ್ ಕೆಳದನಿಯ ಬೆಂಚಿನಲ್ಲಿ, ಗಟ್ಟಿ ಗಂಡಸರ ನಡುವೆ ಕೂತು, ಹೊಟ್ಟೆಯಿಂದ ಹಾಡಬೇಕು ಎಂದು ಅಪ್ಪಣೆಯಾಯಿತು.

ಕೆಳದನಿಯ ಬೆಂಚಿನಲ್ಲಿ ಖಾಲಿ ಇದ್ದ ಜಾಗ ಒಂದೇ. ಅದು ರಾಯ್ಸ್ ಲ್ಯಾಕಿಯ ಪಕ್ಕ.

ರಾಯ್ಸ್ ಲ್ಯಾಕಿಯೇ ಆ ಯೋಚನೆ. ಹದಿನೇಳರ ಹುಡುಗ, ಟೈರ್ ಅಂಗಡಿಯವನ ಮಗ, ಮುಂಗೈಯಲ್ಲಿ ಯಾವಾಗಲೂ ಗ್ರೀಸು, ಬಾವಿಯೊಳಗಿನಿಂದ ಬಂದಂಥ ದನಿ. ಚಿಕಿತ್ಸೆಯ ಚರಿತ್ರೆಯಲ್ಲಿ ಜ್ವರದ ರೋಗಿಯನ್ನು ಕರೆತಂದು ಜ್ವರದ ತೊಡೆಯ ಪಕ್ಕವೇ ಕೂರಿಸಿದ ವೈದ್ಯರು ಬ್ರದರ್ ಕ್ಲೀಟಸ್ ಒಬ್ಬರೇ ಇರಬೇಕು.

ಆ ಜುಲೈ ಹಾಲಿಸ್‌ನ ನೆನಪಿನಲ್ಲಿ ಈಗಲೂ ನೀರಿನೊಳಗೆ ಕಣ್ಣು ಬಿಟ್ಟು ನೋಡಿದ ಹಾಗಿದೆ. ಕಿಟಕಿಯಿಂದ ಬಿಸಿಲು ಜೇನಿನಂತೆ ಇಳಿಯುತ್ತಿತ್ತು. ಬೀಸಣಿಗೆಗಳು ದಣಿದ ಚಿಟ್ಟೆಗಳಂತೆ ಆಡುತ್ತಿದ್ದವು. ರಾಯ್ಸ್ ಹಾಡಿದರೆ ದನಿ ಕಿವಿಗೆ ಬರುವ ಮೊದಲು ಬೆಂಚಿನ ಹಲಗೆಯೊಳಗಿಂದ ಹಾಲಿಸ್‌ನ ಬೆನ್ನುಮೂಳೆಗೆ ಬರುತ್ತಿತ್ತು. ಚುರುಕ್, ರಬ್ಬರ್ ಬ್ಯಾಂಡ್. ಮತ್ತೆ ಹಾಡು. ಚುರುಕ್. ಕಡೆಗೆ ಅದು ತಾಳಕ್ಕೇ ಬೀಳತೊಡಗಿತು. ಎದುರು ಬೆಂಚಿನ ತಾತನೊಬ್ಬ ಅದು ಯಾವುದೋ ಹೊಸ ಬಗೆಯ ತಾಳವೆಂದು ಮೆಚ್ಚಿ ತಲೆಯಾಡಿಸಿದ.

ಮಧ್ಯಾಹ್ನದ ಊಟಕ್ಕೆ ಮರದ ಕೆಳಗೆ ತಟ್ಟೆ ಹಿಡಿದು ನಿಂತಾಗ ರಾಯ್ಸ್ ಅವನ ಕೆಂಪಾದ ಮಣಿಕಟ್ಟು ನೋಡಿದ.

"ಏನೋ ಅದು?"

"ತಪ್ಪು ಯೋಚನೆ ಬಂದಾಗ ಎಳ್ಕೋಬೇಕಂತೆ."

ರಾಯ್ಸ್ ಬಾಯಲ್ಲಿದ್ದ ಕೋಳಿಕಾಲು ಜಗಿದು ನುಂಗಿದ. "ತುಂಬಾ ಯೋಚನೆ ಮಾಡ್ತೀಯಪ್ಪ ನೀನು" ಅಂದ. ಆಮೇಲೆ ಸಲೀಸಾಗಿ ಬ್ಯಾಂಡನ್ನು ಅವನ ಕೈಯಿಂದ ಜಾರಿಸಿ, ಬೆನ್ನು ಮುರಿದು ಹಾಳೆ ಉದುರುತ್ತಿದ್ದ ತನ್ನ ಹಾಡಿನ ಪುಸ್ತಕಕ್ಕೆ ಸುತ್ತಿದ. "ಇದಕ್ಕೆ ಬೇಕಿತ್ತು. ಕೇಳಿದ್ರೆ ಕಳೆದೋಯ್ತು ಅನ್ನು." ರಾಯ್ಸ್‌ನ ಮನಸ್ಸಿನಲ್ಲಿ ಅದಕ್ಕಿಂತ ಹೆಚ್ಚೇನೂ ಇರಲಿಲ್ಲ, ಮುಂದೆ ಅವನು ಮದುವೆಯಾಗಿ ಮೂರು ಹೆಣ್ಣುಮಕ್ಕಳ ತಂದೆಯಾದ. ಆದರೆ ಆ ದಿನ ಓಕ್ ಮರದ ಎಲೆಗಳೆಲ್ಲ ಒಮ್ಮೆಲೇ ಬೆಳಗಿದ್ದನ್ನು ಹಾಲಿಸ್ ಕಂಡದ್ದಂತೂ ಹೌದು.

ಇತ್ತ ಸಂಗೀತಕ್ಕೆ ಕಾಯಿಲೆ ಹಿಡಿದಿತ್ತು. ಏರುದನಿಯ ಬೆಂಚು ಸೊರಗಿತು. ಪ್ರತಿ ಹಾಡೂ ಒಂದು ಗಾಲಿ ಕಳಚಿದ ಗಾಡಿಯಂತೆ ಓರೆಯಾಗಿ ಸಾಗಿತು. ಇದರಿಂದ ಅತಿ ಹೆಚ್ಚು ನೊಂದವನು ಆರ್ವೆಲ್. ಮುಖ್ಯರಾಗದ ಮೊದಲ ಸಾಲಿನಲ್ಲಿ ಕೂತು ತಾಳ ಹಿಡಿಯುವವನು ಅವನೇ. ನಾಲ್ಕು ದನಿ ಕೂಡಿ ಗಂಟೆಯಂತೆ ಮೊಳಗಿದಾಗ ಮಾತ್ರ ಅವನ ಮುಖ ಸಡಿಲವಾಗುತ್ತಿತ್ತು. ಆ ಬೇಸಿಗೆಯಲ್ಲಿ ಅದು ಒಮ್ಮೆಯೂ ಸಡಿಲವಾಗಲಿಲ್ಲ.

ಓಝೆಲ್ಲಾ ಅತ್ತೆ ತಮ್ಮನ ಅಡುಗೆಮನೆಗೆ ಬಂದು ಬೀಸಣಿಗೆಯಿಂದ ಮೇಜು ಬಡಿದಳು. "ನಿನ್ ಮಗನ್ನ ಏನ್ ಬೇಕಾದ್ರೂ ಮಾಡ್ಕೊ ಅಂತ ನಾನು ಯಾವತ್ತೂ ಅನ್ನಲ್ಲ ಕಣೋ. ಅದಿರ್ಲಿ, ನನ್ ಬೆಂಚು ಮುರಿಯಕ್ಕೆ ಆ ಕಾರ್ಪೆಟ್ ಮನುಷ್ಯ ಯಾರು?"

"ಟೆಕ್ಸಸ್‌ಗೆ ಕಳಿಸೋ ಹಾಗಾಗ್ಬಾರ್ದು ಅಂತಲೇ ಅಕ್ಕ ಇದೆಲ್ಲ" ಅಂದ ಆರ್ವೆಲ್. ಅವನ ದನಿ ಎಷ್ಟು ಸಣ್ಣದಾಗಿತ್ತೆಂದರೆ ಅತ್ತೆ ಬೀಸಣಿಗೆ ಮಡಿಲಿಗಿಟ್ಟಳು. ಬಾಗಿಲ ಮರೆಯಲ್ಲಿದ್ದ ಹಾಲಿಸ್‌ಗೆ ಅಪ್ಪನೂ ಹೆದರಿದ್ದಾನೆಂದು ಗೊತ್ತಾದದ್ದು ಆಗಲೇ.

ಆಗಸ್ಟಿನ ದೊಡ್ಡ ಕೂಟ ಬಂತು. ಫಲ ಪರೀಕ್ಷೆಗೆ ಬ್ರದರ್ ಕ್ಲೀಟಸ್ ಬಿಳಿ ಬೂಟು ಹಾಕಿಕೊಂಡು ಬಂದರು, ಹಾಡಲಿಕ್ಕಲ್ಲ, ನೋಡಲಿಕ್ಕೆ. ಹುಡುಗ ಚೌಕದ ನಡುವೆ ನಿಂತು, ಎಲ್ಲರೆದುರು ಕೆಳದನಿಯಲ್ಲಿ ಹಾಡನ್ನು ನಡೆಸಬೇಕು. ನಡೆಸಿದರೆ ಮನೆ. ಇಲ್ಲದಿದ್ದರೆ ಸೋಮವಾರ ಬೆಳಗ್ಗೆ ಕ್ಲೀಟಸ್ ಅವರ ಕಾರಿನಲ್ಲೇ ಟೆಕ್ಸಸ್. ಇದನ್ನು ಅವರು ಬಾಗಿಲಲ್ಲೇ ಮತ್ತೊಮ್ಮೆ ನೆನಪಿಸಿದರು, ಹಾಲಿಸ್‌ನ ಕೈಮೂಳೆ ಲಟಕ್ಕೆನ್ನುವಂತೆ ಕುಲುಕುತ್ತ.

ಹೆಸರು ಕೂಗಿದರು. ಹಾಲಿಸ್ ಎದ್ದು ನಡುವೆ ಬಂದ. ನಾಲ್ಕೂ ಬೆಂಚಿನ ದನಿ ಒಟ್ಟಿಗೆ ಬಂದು ಬೀಳುವ ಜಾಗ ಊರಿನಲ್ಲಿ ಅದೊಂದೇ. ಅಲ್ಲಿ ನಿಂತವರಿಗೆ ನೆಲ ಕಾಲಿಗೆ ತಾಕುವುದಿಲ್ಲ ಎಂದು ಹಳಬರು ಹೇಳುತ್ತಾರೆ. ಗಂಭೀರವಾದ, ಕೆಳಗೇ ಉರುಳುವ ಹಾಡೊಂದನ್ನು ಕ್ಲೀಟಸ್ ಆರಿಸಿಕೊಟ್ಟಿದ್ದರು. ಹಾಲಿಸ್ ಬಾಯಿ ತೆರೆದಾಗ ಬಂದದ್ದು ಬೇರೆ ಹಾಡಿನ ಹೆಸರು, ಬೆನ್ನಟ್ಟುವ ಹಾಡು. ಅದರಲ್ಲಿ ಕೆಳದನಿ ಮೊದಲು ಹೊರಡುತ್ತದೆ, ಅದರ ಹಿಂದೆ ಮುಖ್ಯರಾಗ, ಅದರ ಹಿಂದೆ ಏರುದನಿ, ಕಡೆಗೆ ನಡುದನಿ. ಒಬ್ಬರು ತಪ್ಪಿದರೂ ಹಾಡು ಕುಸಿಯುತ್ತದೆ.

ಸ್ವರ ಮುಗಿಯಿತು, ಸಾಹಿತ್ಯ ಬಂತು. ಬೆನ್ನಟ್ಟುವ ಸಾಲಿಗೆ ರಾಯ್ಸ್‌ನ ಬೆಂಚು ನೆಲದಡಿಯಿಂದ ಎದ್ದಿತು. ಅಪ್ಪನ ಬೆಂಚು ಹಿಂದೆಯೇ ಹಾರಿತು. ಏರುದನಿಯ ಸರದಿ. ಆಗ ಓಝೆಲ್ಲಾ ಅತ್ತೆ ಬಗ್ಗಿ ಬೆಂಚಿನ ಕೆಳಗೆ ಬೀಸಣಿಗೆ ಹುಡುಕತೊಡಗಿದಳು. ಬೀಸಣಿಗೆ ಅವಳ ಕೈಯಲ್ಲೇ ಇತ್ತು. ಅವಳು ಬಾಯಿ ತೆರೆಯದೆ ತಾವು ತೆರೆಯುವವರಲ್ಲದ ಮುದುಕಿಯರು ಸಾಲಾಗಿ ಬಾಯಿ ಮುಚ್ಚಿ ಕೂತರು.

ಅಲ್ಲೊಂದು ಖಾಲಿ ತೆರೆಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಹಾಲಿಸ್‌ಗೆ ಅದು ಇಡೀ ಮಧ್ಯಾಹ್ನದಷ್ಟು ಉದ್ದವಾಗಿ ಕಂಡಿತು. ಆ ಕಡೆ ಬಿಳಿ ಬೂಟು, ಬೇಲಿ, ಹೌದು ಸರ್. ಈ ಕಡೆ ಮೇಲ್ಗಡೆ ಎಲ್ಲೋ ತೂಗುತ್ತಿದ್ದ ಒಂದು ಸ್ವರ, ತನ್ನದೇ ಮನೆಯ ದೀಪದ ಹಾಗೆ. ಅವನು ಹಾರಿ ಅದನ್ನು ಹಿಡಿದ.

ದನಿ ಮೊದಲು ಬಿರಿಯಿತು, ಆಮೇಲೆ ಏರಿತು, ಮಾಡಿನ ಜಂತಿಗಳವರೆಗೆ ಏರಿತು. ಏರುತ್ತಲೇ ಅವನು ಅಪ್ಪನ ಕಡೆ ನೋಡಿದ. ಆರ್ವೆಲ್‌ನ ಕೈ ಗಾಳಿಯಲ್ಲಿ ನಿಂತುಬಿಟ್ಟಿತ್ತು. ಮೊದಲ ಸಾಲಿನ ಕೈ ನಿಂತರೆ ಬೆಂಚು ನಿಲ್ಲುತ್ತದೆ, ಬೆಂಚು ನಿಂತರೆ ಹಾಡು ನಿಲ್ಲುತ್ತದೆ. ಕ್ಲೀಟಸ್ ಎದ್ದು ನಿಂತಿದ್ದರು. ನಡುದನಿಯ ಬೆಂಚಿನಿಂದ ಲೊರೀನ್ ತನ್ನ ಸರದಿಗೆ ಒಂದು ಕೂದಲೆಳೆ ಮೊದಲೇ ಒಳಗೆ ಬಂದಳು. ಅವಳು ಜನ್ಮದಲ್ಲೇ ಅಷ್ಟು ಜೋರಾಗಿ ಹಾಡಿದ್ದಿಲ್ಲ. ಆರ್ವೆಲ್‌ನ ಕೈ ಇಳಿಯಿತು. ಮತ್ತೆ ಏರಿತು, ಮಗನ ಕೈಯ ಜೊತೆಗೆ. ಅತ್ತೆಗೆ ಬೀಸಣಿಗೆ ಸಿಕ್ಕಿತು. ನಾಲ್ಕು ದನಿ ಕೂಡಿಕೊಂಡವು, ಮತ್ತು ಆ ಬೇಸಿಗೆಯಲ್ಲಿ ಮೊದಲ ಸಲ ಆ ಮರದ ಕಟ್ಟಡ ಗಂಟೆಯಂತೆ ಮೊಳಗಿತು.

ಊಟದ ಹೊತ್ತಿಗೆ ಕ್ಲೀಟಸ್ ಮರದ ಕೆಳಗೆ ಬಂದು, ನೋಡಿದಿರಲ್ಲ, ಸೋಮವಾರ ಆರು ಗಂಟೆಗೆ ಹೊರಡಿಸಿ ಎಂದರು. ಆರ್ವೆಲ್ ಟೊಮೆಟೊ ಹೋಳಿಗೆ ಉಪ್ಪು ಉದುರಿಸುತ್ತಿದ್ದ.

"ಬ್ರದರ್, ನೀವು ಯಾವ ಬೆಂಚು?"

"ನಾನು ಹಾಡಲ್ಲ. ಕೇಳ್ತೀನಿ ಅಷ್ಟೆ."

"ಹಾಗಾದ್ರೆ ನಿಮ್ಗೆ ಹೇಳಿ ಪ್ರಯೋಜನ ಇಲ್ಲ" ಅಂದ ಆರ್ವೆಲ್. "ಊಟ ಮಾಡ್ಕೊಂಡು ಹೊರಡಿ. ಸೋಮವಾರ ನಮ್ಮನೇಗೆ ಬರೋದು ಬೇಡ."

ಮನೆಗೆ ಮರಳುವಾಗ ಟ್ರಕ್ಕಿನ ಕಿಟಕಿಯಿಂದ ಕೊಯ್ದ ಹುಲ್ಲಿನ ವಾಸನೆ ಬರುತ್ತಿತ್ತು. ಕೋಳಿಮನೆಗಳು ಕಂಡವು. ಅಪ್ಪ ರಸ್ತೆಯನ್ನೇ ನೋಡುತ್ತ ಹೇಳಿದ: "ಆ ವಿಷ್ಯ ನಂಗೆ ಅರ್ಥ ಆಗಲ್ಲ ಮಗಾ. ಆಗುತ್ತೆ ಅಂತ ಕಾಯ್ಬೇಡ. ಭಾನುವಾರ ನಿನ್ ಜಾಗದಲ್ಲಿ ಕೂತ್ಕೊ."

ಹಾಲಿಸ್ ಹೂಂ ಅಂದ. ಆದರೆ ಅಪ್ಪ ಕಾಯಬೇಡ ಎಂದರೂ ಕಾದ. ಬಹಳ ವರ್ಷ ಕಾದ. ಮುಂದೆ ಪಕ್ಕದ ಜಿಲ್ಲೆಯ ಮೇಷ್ಟ್ರು ವೆಂಡೆಲ್ ಸಂಗಾತಿಯಾಗಿ ಅವನ ಮನೆಗೆ ಬಂದು ನೆಲೆಸಿದಾಗ, ಆರ್ವೆಲ್ ಆ ಮನುಷ್ಯನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ಯಾವ ಬೆಂಚು? ವೆಂಡೆಲ್ ಕೆಳದನಿ ಎಂದ. ಒಂದು ಜಾಗ ಖಾಲಿ ಇದೆ, ರಾಯ್ಸ್ ಪಕ್ಕ, ಎಂದ ಮುದುಕ.