ಗಾಜಿಗೆ ಕಚ್ಚಿದ ಕೆಂಪು

ನಮ್ಮ ಅತ್ತೆಗೆ ಹೆದರಿಕೆ ಎಂದರೇನೆಂದು ಗೊತ್ತಿರಲಿಲ್ಲ. ಮಾವ ಹೋದ ಮೇಲೆ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿಯನ್ನು ಒಬ್ಬರೇ ನಡೆಸಿದವರು. ಗಿರಾಕಿ ಗದರಿದರೆ ಇವರು ಎರಡರಷ್ಟು ಗದರುತ್ತಿದ್ದರು. ಸೊಸೆಯಾಗಿ ಬಂದ ನನ್ನ ಕೈಗೂ ಮೊದಲ ವಾರವೇ ಸುತ್ತಿಗೆ ಕೊಟ್ಟು, ಕೂತು ತಿನ್ನುವವರು ಈ ಮನೆಯಲ್ಲಿಲ್ಲ ಎಂದಿದ್ದರು. ಅಂಥವರ ಕೈಕಾಲು ತಣ್ಣಗಾದದ್ದನ್ನು ನಾನು ನೋಡಿದ್ದು ಒಂದೇ ಸಲ.

ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಮೇಡಂ ಒಬ್ಬರು ಒಂದು ಚಿತ್ರ ತಂದಿದ್ದರು. ಎಲ್ಲೋ ದೂರ ಪ್ರವಾಸ ಹೋದಾಗ ಗಾಥಿಕ್ ಶೈಲಿಯ ದೊಡ್ಡ ಹಳೇ ಚರ್ಚು ನೋಡಿ ಬಂದು ಬರೆದದ್ದಂತೆ. ಅದರಲ್ಲಿ ಚರ್ಚು ಎಲ್ಲಿದೆಯೋ ಆ ದೇವರೇ ಬಲ್ಲ. ಕಪ್ಪು, ನೀಲಿಯ ಚೂಪು ಕಮಾನುಗಳು ಒಂದರ ಹೆಗಲೇರಿ ಇನ್ನೊಂದು ಮೇಲೆ ಹೋಗುತ್ತಿದ್ದವು. ತುತ್ತತುದಿಯಲ್ಲಿ ಬಣ್ಣದ ಗಾಜಿನಿಂದ ಇಳಿದಂತೆ ಒಂಚೂರು ಕೆಂಪು ಬೆಳಕು. ನೋಡಿದರೆ ಯಾಕೋ ಭಯವಾಗುತ್ತಿತ್ತು. ಮೇಡಂಗೆ ಕೈ ನಡುಗುವ ಕಾಯಿಲೆ ಶುರುವಾಗಿತ್ತು. ಇನ್ನು ಕುಂಚ ಹಿಡಿಯಲಾಗದು, ಇದೇ ಕೊನೆಯದು, ಧೂಳು ಕೂರದಂತೆ ಗಾಜು ಹಾಕಿಕೊಡಿ ಎಂದು ಕೇಳಿಕೊಂಡಿದ್ದರು.

ಅತ್ತೆ ಜೀವಮಾನವೆಲ್ಲ ಫೋಟೊಗೆ ಮಾಡಿದಂತೆಯೇ ಇದಕ್ಕೂ ಗಾಜನ್ನು ಒತ್ತಿ ಕೂರಿಸಿದರು. ಗಾಜಿಗೂ ಚಿತ್ರಕ್ಕೂ ನಡುವೆ ಪಟ್ಟಿ ಕೊಟ್ಟು ಸಂದು ಬಿಟ್ಟರೆ ಹುಳ ಸೇರುತ್ತದೆ ಎಂಬುದು ಅವರ ಹಟ. ಆದರೆ ಇದು ಎಣ್ಣೆಬಣ್ಣ, ಮೇಲಷ್ಟೇ ಒಣಗಿತ್ತು, ಒಳಗಿನ್ನೂ ಹಸಿಯಿತ್ತು. ಮೇಡಂ ಬರಬೇಕಿದ್ದ ದಿನ ಬೆಳಿಗ್ಗೆ ಒರೆಸಲು ಹೋದಾಗ ಕಂಡೆ. ತುದಿಯ ಕೆಂಪು ಗಾಜಿಗೆ ಕಚ್ಚಿಕೊಂಡು ಒದ್ದೆ ಕಲೆಯಂತೆ ಹೊಳೆಯುತ್ತಿತ್ತು.

ಅತ್ತೆ ನೋಡಿದವರೇ ಸ್ಟೂಲಿನ ಮೇಲೆ ಕುಸಿದರು. ಎಳೆದರೆ ಕಿತ್ತು ಬರುತ್ತದೆ, ಬಿಟ್ಟರೆ ಇನ್ನಷ್ಟು ಅಂಟುತ್ತದೆ. ನನಗೋ ಬಾಯಿ ಜಾಸ್ತಿ. ಹಾಗೇ ಕೊಟ್ಟುಬಿಡೋಣ, ಯಾರಿಗೆ ತಿಳಿಯುತ್ತದೆ ಎಂದೆ. ಅತ್ತೆ ಬೈಯಲೇ ಇಲ್ಲ. ಅವರು ಬೈಯದೆ ಕೂತದ್ದೇ ನನಗೆ ಇನ್ನೂ ಹೆದರಿಕೆ. ಬೀದಿಯಲ್ಲಿ ಗಾಡಿ ನಿಂತಾಗಲೆಲ್ಲ ಇಬ್ಬರೂ ಬೆಚ್ಚಿಬೀಳುತ್ತಿದ್ದೆವು.

ಕೊನೆಗೂ ಮೇಡಂ ಬಂದರು. ಅತ್ತೆ ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದರು. ಮೇಡಂ ಬಗ್ಗಿ ಗಾಜಿನ ಮೇಲೆ ಆ ಕಲೆಯ ಸುತ್ತ ಬೆರಳಾಡಿಸಿ, ತೆಗೆಯಿರಿ ಎಂದರು. ಗಾಜು ಎತ್ತಿದರೆ ಕೆಂಪು ಅದರ ಜೊತೆಗೇ ಎದ್ದು ಬಂತು. ಕಮಾನಿನ ತುದಿಯಲ್ಲಿ ಬರೀ ಬಿಳಿ ಕ್ಯಾನ್ವಾಸು ಉಳಿಯಿತು.

"ನೀವೇ ತುಂಬಿ. ನನ್ನ ಕೈಲಿ ಆಗಲ್ಲ," ಎಂದರು ಮೇಡಂ.

"ಅಯ್ಯೋ, ನಾನು ಬಣ್ಣ ಮುಟ್ಟಿದವಳೇ ಅಲ್ಲ, ಇರೋದೂ ಹಾಳಾಗುತ್ತೆ. ನೀವೇ ಹಚ್ಚಿ ಮೇಡಂ. ನಾನು ಕೈ ಹಿಡ್ಕೋತೀನಿ," ಎಂದರು ಅತ್ತೆ.

ಪಕ್ಕದ ಬೀದಿಯ ಅವರ ಮನೆಗೆ ಓಡಿ ನಾನು ಬಣ್ಣ, ಕುಂಚ ತಂದೆ. ಕಟ್ಟಿನ ಮೂಲೆಗೆ ಅಂಟು ಹಾಕಿದ ಮೇಲೆ ಒಣಗುವವರೆಗೆ ಪಟ್ಟಿಗಳನ್ನು ಅಲುಗದಂತೆ ಹಿಡಿಯುತ್ತೇವಲ್ಲ, ಹಾಗೆ ಅತ್ತೆ ಮೇಡಂ ಮಣಿಕಟ್ಟನ್ನು ಎರಡೂ ಅಂಗೈಗಳ ನಡುವೆ ಬಿಗಿಯಾಗಿ ಹಿಡಿದರು. ಕುಂಚ ಬಿಳಿಯ ಹತ್ತಿರ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು. ಅತ್ತೆಯ ಹಣೆಯಿಂದ ಬೆವರು ಇಳಿಯುತ್ತಿತ್ತು. ಒಂದು ಹನಿ ಚಿತ್ರದ ಮೇಲೆ ಬಿದ್ದರೆ ಏನು ಗತಿ ಎಂದು ನಾನು ಸೆರಗು ಒಡ್ಡಿ ನಿಂತೆ. ಕಡೆಗೆ ಕೆಂಪು ಕೂತಿತು. ಮೊದಲಿನಷ್ಟು ಚೂಪಾಗಿರಲಿಲ್ಲ.

ಅತ್ತೆ ಕೈ ಬಿಡಲು ಹೋದರು. ಮೇಡಂ ಕುಂಚ ಕೆಳಗಿಡದೆ ತಮ್ಮ ಕೈಯನ್ನೇ ನೋಡುತ್ತಿದ್ದರು.

"ನಾಳೆನೂ ಹಿಡ್ಕೋತೀರಾ?" ಎಂದು ಮೆಲ್ಲಗೆ ಕೇಳಿದರು. "ಮನೇಲಿ ಇನ್ನೊಂದು ಕ್ಯಾನ್ವಾಸ್ ಖಾಲಿ ಇದೆ."